ಕೆಂಪು ಎಡಕ್ಕೆ, ಹಸಿರು ಬಲಕ್ಕೆ: ಹಾಯಿದೋಣಿಯ ದೀಪದ ಕಥೆ

ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೂ ಅರಬ್ಬಿ ಸಮುದ್ರದಲ್ಲಿ ಸಾಗುವ ಹಾಯಿದೋಣಿಯ ದೀಪಕ್ಕೂ ಏನು ಸಂಬಂಧ? ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ಈ ಸೀಮೆಯ ನೀರಿನ ವಾಹನವೆಂದರೆ ಹರಿಗೋಲು. ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯವನ್ನು ದಾಟಿ, ರಾಮನಗರ, ಕನಕಪುರಗಳ ಮಗ್ಗುಲಲ್ಲಿ ಹರಿದು ಬರುವ ಅರ್ಕಾವತಿ ನದಿ ಕಾವೇರಿಯನ್ನು ಕೂಡುವ ಸಂಗಮದಲ್ಲಿ ಮೇಕೆದಾಟಿಗೆ ಹೋಗುವವರನ್ನು ಬಹುಕಾಲದಿಂದ ದಾಟಿಸುತ್ತ ಬಂದಿರುವುದು ಈ ಬಿದಿರಿನ ಬುಟ್ಟಿಯೇ. ಹೊತ್ತು ಮುಳುಗಿದರೆ ಅದರ ಕೆಲಸ ಮುಗಿಯಿತು. ಹೀಗಾಗಿ ಅದಕ್ಕೆ ದೀಪದ ಪ್ರಶ್ನೆಯೇ ಇಲ್ಲ.

ಆದರೆ ಕಡಲಿಗೆ ಇಳಿದ ದೋಣಿಗೆ ಹೊತ್ತು ಮುಳುಗಿತೆಂದು ದಡ ಸೇರುವ ಅನುಕೂಲವಿಲ್ಲ. ರಾತ್ರಿಯಿಡೀ ನೀರಿನ ಮೇಲಿರಬೇಕಾದ ಪುಟ್ಟ ಹಾಯಿದೋಣಿಯ ಪ್ರಾಣ ಅದರ ಎರಡು ಬಣ್ಣದ ದೀಪಗಳಲ್ಲಿದೆ. ಆ ದೀಪಗಳ ಪ್ರಾಣ ಅವುಗಳಿಗೆ ವಿದ್ಯುತ್ತು ತರುವ ತಂತಿಯಲ್ಲಿದೆ. ಆ ತಂತಿಯ ಚರಿತ್ರೆಯನ್ನು ಕೆದಕುತ್ತ ಹೋದರೆ ರಾಮನಗರದ ರೇಷ್ಮೆ ಮತ್ತು ಚನ್ನಪಟ್ಟಣದ ಅರಗು ಎರಡರ ಜಾತಿಯ ವಸ್ತುಗಳೂ ಎದುರಾಗುತ್ತವೆ.

ದೀಪವಿಲ್ಲದ ಕಡಲು

ಹಾಯಿ ಕಟ್ಟಿ ಕಡಲು ದಾಟುವ ವಿದ್ಯೆಗೆ ಸಾವಿರಾರು ವರ್ಷಗಳ ವಯಸ್ಸು. ಆದರೆ ದೋಣಿಯ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು ದೀಪ ಇರಬೇಕೆಂಬ ನಿಯಮಕ್ಕೆ ಇನ್ನೂ ಇನ್ನೂರು ವರ್ಷವೂ ತುಂಬಿಲ್ಲ. ಹಿಂದಿನ ಹಡಗುಗಳು ರಾತ್ರಿ ಹೊತ್ತು ಬಹುಮಟ್ಟಿಗೆ ಕತ್ತಲಲ್ಲೇ ಸಾಗುತ್ತಿದ್ದವು. ಇನ್ನೊಂದು ಹಡಗು ಹತ್ತಿರ ಬಂದದ್ದು ಕಂಡರೆ ಲಾಟೀನು ಎತ್ತಿ ತೋರಿಸುವುದಿತ್ತು. ಗಾಳಿಯನ್ನು ನಂಬಿದ ಹಡಗುಗಳ ವೇಗ ಕಡಿಮೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿದ ನಾವಿಕನಿಗೆ ಎದುರಿನವನು ಯಾವ ಕಡೆಗೆ ಹೋಗಬಲ್ಲ, ಯಾವ ಕಡೆಗೆ ಹೋಗಲಾರ ಎಂಬ ಅಂದಾಜೂ ಇರುತ್ತಿತ್ತು.

ಈ ಲೆಕ್ಕವನ್ನು ಕೆಡಿಸಿದ್ದು ಉಗಿಹಡಗು. ಗಾಳಿಯ ಹಂಗಿಲ್ಲದೆ ಯಾವ ದಿಕ್ಕಿಗಾದರೂ, ಯಾವ ಹೊತ್ತಿನಲ್ಲಾದರೂ ವೇಗವಾಗಿ ನುಗ್ಗಬಲ್ಲ ಈ ಹೊಸ ವಾಹನದಿಂದ ಡಿಕ್ಕಿಗಳು ಹೆಚ್ಚಿದವು. ಬ್ರಿಟನ್ನಿನ ಸಂಸತ್ತು 1846ರಲ್ಲಿ ಉಗಿಹಡಗುಗಳ ಸಂಚಾರಕ್ಕೆ ಕಾಯಿದೆ ಮಾಡಿತು. ಅದರ ಆಧಾರದ ಮೇಲೆ 1848ರಲ್ಲಿ ಅಲ್ಲಿನ ನೌಕಾ ಆಡಳಿತ ಹೊರಡಿಸಿದ ನಿಯಮಗಳು ಉಗಿಹಡಗಿಗೆ ಮೂರು ದೀಪಗಳನ್ನು ಗೊತ್ತುಮಾಡಿದವು: ಕಂಬದ ಮೇಲೆ ಬಿಳಿ, ಬಲಕ್ಕೆ ಹಸಿರು, ಎಡಕ್ಕೆ ಕೆಂಪು. ಹಾಯಿಹಡಗುಗಳಿಗೂ ಕೆಂಪು-ಹಸಿರು ದೀಪ ಕಡ್ಡಾಯವಾದದ್ದು ಹತ್ತು ವರ್ಷಗಳ ನಂತರ, 1858ರಲ್ಲಿ. 1863ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದೇ ನಿಯಮಾವಳಿಗೆ ಒಪ್ಪಿಕೊಂಡ ಮೇಲೆ ಉಳಿದ ರಾಷ್ಟ್ರಗಳು ಒಂದೊಂದಾಗಿ ಅದನ್ನೇ ಅನುಸರಿಸಿದವು.

ಆ ನಿಯಮಗಳನ್ನು ಬರೆದವರು ಎಣ್ಣೆದೀಪದ ಸಣ್ಣಪುಟ್ಟ ತೊಂದರೆಗಳನ್ನೂ ಬಲ್ಲವರಾಗಿದ್ದರು. ಎಡದ ಕೆಂಪು ಬಲಗಡೆಯವರಿಗೆ, ಬಲದ ಹಸಿರು ಎಡಗಡೆಯವರಿಗೆ ಕಾಣಬಾರದೆಂದು ದೀಪದ ಒಳಬದಿಗೆ ಮೂರಡಿ ಮುಂದಕ್ಕೆ ಚಾಚಿದ ಹಲಗೆಯ ಮರೆ ಇರಬೇಕೆಂದರು. ಸಣ್ಣ ದೋಣಿಗಳು ಬಿರುಗಾಳಿಯಲ್ಲಿ ದೀಪವನ್ನು ಕಟ್ಟಿ ನಿಲ್ಲಿಸಲಾಗದಿದ್ದರೆ ಹೊತ್ತಿಸಿ ಕೈಗೆಟಕುವಂತೆ ಇಟ್ಟುಕೊಂಡು ಬೇಕಾದಾಗ ತೋರಿಸಬಹುದೆಂದು ವಿನಾಯಿತಿ ಕೊಟ್ಟರು. ಗಡಿಬಿಡಿಯಲ್ಲಿ ಒಂದಕ್ಕೊಂದು ಅದಲುಬದಲಾಗದಂತೆ ಆ ಲಾಟೀನುಗಳ ಹೊರಮೈಗೂ ಒಳಗಿನ ಬೆಳಕಿನ ಬಣ್ಣವನ್ನೇ ಬಳಿದಿರಬೇಕೆಂದು ಸೇರಿಸಿದರು.

ಬಣ್ಣ ಹೇಳುವ ಮಾತು

ಕತ್ತಲಲ್ಲಿ ಬರಿ ಬಿಳಿ ಬೆಳಕು ಕಂಡರೆ ಅಲ್ಲಿ ಏನೋ ಇದೆ ಎಂದಷ್ಟೇ ತಿಳಿಯುತ್ತದೆ. ಅದು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಬಣ್ಣ ಹೇಳುತ್ತದೆ. ಕೆಂಪು ಕಂಡರೆ ಎದುರಿನ ದೋಣಿಯ ಎಡಮಗ್ಗುಲು ಕಾಣುತ್ತಿದೆ, ಅಂದರೆ ಅದು ನೋಡುವವನ ಎಡಗಡೆಗೆ ಸಾಗುತ್ತಿದೆ. ಹಸಿರು ಕಂಡರೆ ಬಲಗಡೆಗೆ ಸಾಗುತ್ತಿದೆ. ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ಮೈಮೇಲೆ ಬರುತ್ತಿದೆ ಎಂದೇ ಅರ್ಥ.

ಇಂದು ಜಗತ್ತಿನ ಕಡಲುಗಳಲ್ಲೆಲ್ಲ ನಡೆಯುವುದು 1972ರ ಅಂತರರಾಷ್ಟ್ರೀಯ ಒಪ್ಪಂದದ ನಿಯಮಾವಳಿ. ಅದು 1977ರ ಜುಲೈ 15ರಂದು ಜಾರಿಗೆ ಬಂತು. ಅದರ ಪ್ರಕಾರ ಕೆಂಪು, ಹಸಿರು ದೀಪಗಳು ನೇರ ಮುಂದಿನಿಂದ ಹಿಡಿದು ತಮ್ಮ ತಮ್ಮ ಮಗ್ಗುಲಿಗೆ 112.5 ಡಿಗ್ರಿಯಷ್ಟು ಕಾಣಬೇಕು. ಹಿಂಭಾಗದ ಬಿಳಿ ದೀಪ 135 ಡಿಗ್ರಿ. ಮೂರನ್ನೂ ಕೂಡಿಸಿದರೆ 360 ಡಿಗ್ರಿ, ಅಂದರೆ ಒಂದು ಪೂರ್ಣ ಸುತ್ತು. ಯಾವ ಕಡೆಯಿಂದ ಬಂದವನಿಗೂ ಮೂರರಲ್ಲಿ ಒಂದಾದರೂ ಕಾಣಲೇಬೇಕೆಂಬುದು ಇದರ ಹಿಂದಿನ ಲೆಕ್ಕ. 12 ಮೀಟರಿಗಿಂತ ಚಿಕ್ಕ ದೋಣಿಯ ಬಣ್ಣದ ದೀಪ ಕನಿಷ್ಠ ಒಂದು ಕಡಲ ಮೈಲಿ, ಅಂದರೆ 1.85 ಕಿಲೋಮೀಟರ್ ದೂರಕ್ಕೆ, ಹಿಂದಿನ ದೀಪ ಎರಡು ಕಡಲ ಮೈಲಿ ದೂರಕ್ಕೆ ಕಾಣಬೇಕು. ಸೂರ್ಯ ಮುಳುಗಿದಾಗ ಹೊತ್ತಿದ ದೀಪ ಸೂರ್ಯ ಹುಟ್ಟುವವರೆಗೆ ಆರಬಾರದು.

ಹಾಯಿದೋಣಿಗೆ ಇನ್ನೊಂದು ಅನುಕೂಲವನ್ನು ಈ ನಿಯಮಾವಳಿ ಕೊಟ್ಟಿದೆ. 20 ಮೀಟರಿಗಿಂತ ಚಿಕ್ಕದಾದರೆ ಮೂರೂ ದೀಪಗಳನ್ನು ಒಂದೇ ಗೂಡಿನಲ್ಲಿ ಸೇರಿಸಿ ಹಾಯಿಕಂಬದ ತುದಿಗೆ ಕಟ್ಟಬಹುದು. ಅಲೆಗಳ ನಡುವೆ ಮರೆಯಾಗುವ ತಗ್ಗಿನ ದೀಪಕ್ಕಿಂತ ಇದು ದೂರಕ್ಕೆ ಕಾಣುತ್ತದೆ. ಒಂದೇ ಬಲ್ಬು ಸಾಕಾಗುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ಆದರೆ ಹಾಯಿದೋಣಿ ಎಂಜಿನ್ ಹಾಕಿದ ಕ್ಷಣದಿಂದ ಕಾನೂನಿನ ಕಣ್ಣಿಗೆ ಅದು ಯಂತ್ರದ ದೋಣಿ. ಆಗ ಕಂಬದ ತುದಿಯ ಈ ದೀಪವನ್ನು ಆರಿಸಿ, ಮಗ್ಗುಲಿನ ಮತ್ತು ಹಿಂಭಾಗದ ದೀಪಗಳ ಜೊತೆಗೆ ಮುಂದಕ್ಕೆ ಕಾಣುವ ಬಿಳಿ ದೀಪವನ್ನು ಬೇರೆಯಾಗಿಯೇ ಹೊತ್ತಿಸಬೇಕು. ಹಾಗಾಗಿ ಎಂಜಿನ್ ಇರುವ ಹಾಯಿದೋಣಿಗೆ ಎರಡು ಜೋಡಣೆಯ ದೀಪಗಳೂ ಎರಡು ಸ್ವಿಚ್ಚುಗಳೂ ಬೇಕಾಗುತ್ತವೆ. ಹಳೆಯ ದೋಣಿಗೆ ದೀಪ ಹಾಕಿಸುವವರು ಮೊದಲು ತಪ್ಪುವುದು ಇಲ್ಲಿಯೇ.

ರೇಷ್ಮೆ, ಅರಗು ಮತ್ತು ತಂತಿ

ಎಣ್ಣೆದೀಪದ ಜಾಗಕ್ಕೆ ವಿದ್ಯುತ್ ದೀಪ ಬರಬೇಕಾದರೆ ಮೊದಲು ತಂತಿಯಲ್ಲಿ ಹರಿಯುವ ವಿದ್ಯುತ್ತು ಹೊರಕ್ಕೆ ಸೋರದಂತೆ ತಡೆಯಬೇಕಿತ್ತು. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಆ ಕೆಲಸಕ್ಕೆ ಒದಗಿದ್ದು ರೇಷ್ಮೆ, ಹತ್ತಿ, ಅರಗು ಮತ್ತು ಮರದ ಹಾಲು. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1830ರ ಸುಮಾರಿಗೆ ತಾಮ್ರದ ತಂತಿಗೆ ರೇಷ್ಮೆ ಸುತ್ತಿ, ಕಬ್ಬಿಣಕ್ಕೆ ಸುರುಳಿ ಸುರುಳಿಯಾಗಿ ಬಿಗಿದು ಪ್ರಬಲವಾದ ವಿದ್ಯುತ್ಕಾಂತಗಳನ್ನು ಮಾಡಿದ. ರೇಷ್ಮೆ ಸುತ್ತಿದ ತಂತಿ 20ನೆಯ ಶತಮಾನದಲ್ಲೂ ಸೂಕ್ಷ್ಮ ಉಪಕರಣಗಳಲ್ಲಿ ಬಳಕೆಯಲ್ಲಿತ್ತು. ಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದಲ್ಲಿ ರೇಷ್ಮೆ ಎಂದರೆ ಸೀರೆ ಎಂದಷ್ಟೇ ನೆನಪಾಗುತ್ತದೆ. ವಿದ್ಯುತ್ತಿನ ಬಾಲ್ಯದಲ್ಲಿ ಅದು ತಂತಿಯ ಅಂಗಿಯೂ ಆಗಿತ್ತು.

ಅರಗಿನ ಕಥೆಯೂ ಹೀಗೆಯೇ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ನಯವಾದ ಪದರವಾಗಿ ಕೂರುತ್ತದೆ. ಈ ಪದರ ವಿದ್ಯುತ್ತನ್ನು ತನ್ನ ಮೂಲಕ ಹಾಯಗೊಡುವುದಿಲ್ಲ. ಹಾಗಾಗಿ ಅದೇ ಅರಗನ್ನು ಶುದ್ಧಮಾಡಿ ತೆಗೆದ ಷೆಲ್ಲಾಕ್‌ನಿಂದ ತಯಾರಿಸಿದ ವಾರ್ನಿಷ್ ಬಹುಕಾಲ ವಿದ್ಯುತ್ ಸುರುಳಿಗಳ ರಕ್ಷಾಕವಚವಾಗಿತ್ತು. ನೀರಿನಲ್ಲಿ ಮುಳುಗುವ ತಂತಿಗೆ ಮಾತ್ರ ಮಲಯದ ಮರಗಳ ಗಟ್ಟಾಪರ್ಚಾ ಎಂಬ ಅಂಟೇ ಬೇಕಾಯಿತು. ಆಮೇಲೆ ರಬ್ಬರು ಬಂತು. 20ನೆಯ ಶತಮಾನದ ನಡುಭಾಗದಿಂದ ಈಚೆಗೆ ಪಿವಿಸಿ ಬಂದು ಎಲ್ಲವನ್ನೂ ಹಿಂದಕ್ಕೆ ಸರಿಸಿತು.

ಹಡಗಿನಲ್ಲಿ ಎಡಿಸನ್ನನ ದೀಪಗಳು ಹೊತ್ತಿದ್ದು 1880ರಲ್ಲಿ, ಅಮೆರಿಕದ ಕೊಲಂಬಿಯ ಎಂಬ ಉಗಿಹಡಗಿನಲ್ಲಿ. ಮೈಸೂರು ಸಂಸ್ಥಾನದ ಒಳನಾಡು ಈ ವಿಷಯದಲ್ಲಿ ಬಹಳ ಹಿಂದೆ ಬೀಳಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕನಕಪುರ ಸೀಮೆಯನ್ನು ಹಾದು ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆದರೆ ದೊಡ್ಡ ಹಡಗಿಗೂ ದೊಡ್ಡ ಊರಿಗೂ ಬಂದ ವಿದ್ಯುತ್ತು ಸಣ್ಣ ಹಾಯಿದೋಣಿಗೆ ಬರಲು ಇನ್ನೂ ಹಲವು ದಶಕಗಳೇ ಹಿಡಿದವು. ವಿದ್ಯುತ್ತು ಉತ್ಪಾದಿಸಲು ಎಂಜಿನ್ ಇಲ್ಲದ, ಬ್ಯಾಟರಿಯ ಭಾರ ಹೊರಲಾಗದ ದೋಣಿಗಳಲ್ಲಿ ಸೀಮೆಎಣ್ಣೆಯ ಲಾಟೀನೇ ನಡೆಯಿತು.

ಹಳೆಯ ದೋಣಿಗೆ ಹೊಸ ತಂತಿ

ಮೂವತ್ತು ನಲವತ್ತು ವರ್ಷ ನೀರು ಕಂಡ ಹಾಯಿದೋಣಿಯೊಂದರ ಒಳಗೆ ಇಣುಕಿದರೆ ತಂತಿಯ ಚರಿತ್ರೆಯೆಲ್ಲ ಒಂದರ ಮೇಲೊಂದು ಕಾಣುತ್ತದೆ. ಒಬ್ಬ ಮಾಲೀಕ ಹಾಕಿಸಿದ ತಂತಿ, ಇನ್ನೊಬ್ಬ ಸೇರಿಸಿದ ತುಂಡು, ಮತ್ತೊಬ್ಬ ಟೇಪು ಸುತ್ತಿದ ಗಂಟು. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳುವವರಿಲ್ಲ. ಅದಕ್ಕೇ ಅನುಭವಸ್ಥರು ಇಕ್ಕಳ ಹಿಡಿಯುವ ಮೊದಲು ಕಾಗದ ಹಿಡಿಯುತ್ತಾರೆ. ಪ್ರತಿ ತಂತಿಯ ದಾರಿಯನ್ನೂ ನಕ್ಷೆ ಬರೆದು, ಎರಡೂ ತುದಿಗೆ ಒಂದೇ ಗುರುತಿನ ಚೀಟಿ ಕಟ್ಟುತ್ತಾರೆ.

ಮನೆಗೆ ಬಳಸುವ ತಂತಿಯನ್ನೇ ದೋಣಿಗೂ ಎಳೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಒಂಟಿ ಎಳೆಯ ಗಟ್ಟಿ ತಂತಿ ಅಲೆಯ ಅಲುಗಾಟಕ್ಕೆ ಒಳಗೊಳಗೇ ಮುರಿಯುತ್ತದೆ. ಹಲವು ಸಣ್ಣ ಎಳೆಗಳ ತಂತಿಯಾದರೆ ಬಾಗುತ್ತದೆ, ಆದರೆ ಎಳೆಗಳ ನಡುವೆ ಉಪ್ಪಿನ ತೇವ ಹತ್ತಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಹೊರಗಿನ ಹೊದಿಕೆ ಹೊಸದರಂತೆ ಕಂಡರೂ ಒಳಗೆ ಹಸಿರುಗಟ್ಟಿದ ಪುಡಿ ಇರುವುದುಂಟು. ಇದಕ್ಕೆ ಪರಿಹಾರ ಅಡುಗೆಮನೆಯ ಹಿತ್ತಾಳೆ ಪಾತ್ರೆಗೆ ಹಿರಿಯರು ಮಾಡಿಸುತ್ತಿದ್ದದ್ದೇ. ದೋಣಿಗೆಂದೇ ತಯಾರಾಗುವ ತಂತಿಯಲ್ಲಿ ತಾಮ್ರದ ಒಂದೊಂದು ಎಳೆಗೂ ತವರದ ಕಲಾಯಿ ಹಾಕಿರುತ್ತದೆ.

ಎರಡನೆಯದು ತಂತಿಯ ದಪ್ಪ. ದೋಣಿಯ ವಿದ್ಯುತ್ತು ಮನೆಯ 230 ವೋಲ್ಟ್ ಅಲ್ಲ, ಬ್ಯಾಟರಿಯ 12 ವೋಲ್ಟ್. 12 ಮೀಟರ್ ಎತ್ತರದ ಕಂಬದ ತುದಿಗೆ ದೀಪವಿದ್ದು, ಬ್ಯಾಟರಿಯಿಂದ ಕಂಬದ ಬುಡಕ್ಕೆ ಮೂರು ಮೀಟರ್ ದೂರವಿದೆ ಎಂದುಕೊಳ್ಳೋಣ. ಹೋಗಿ ಬರುವ ದಾರಿ ಸೇರಿ 30 ಮೀಟರ್ ತಂತಿ. 25 ವಾಟಿನ ಬಲ್ಬು ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದು ಚದರ ಮಿಲಿಮೀಟರಿನ ತೆಳು ತಂತಿಯಾದರೆ ದಾರಿಯಲ್ಲೇ ಒಂದು ವೋಲ್ಟಿಗೂ ಹೆಚ್ಚು ನಷ್ಟವಾಗುತ್ತದೆ. ಮನೆಯಲ್ಲಿ ಒಂದು ವೋಲ್ಟ್ ಲೆಕ್ಕಕ್ಕೇ ಇಲ್ಲ. ಇಲ್ಲಿ ಅದು ನೂರಕ್ಕೆ ಒಂಬತ್ತರಷ್ಟು. ತಂತಿ ಕಾದು ಬೆಳಗುವ ಹಳೆಯ ಬಲ್ಬಿನಲ್ಲಿ ಅಷ್ಟು ನಷ್ಟಕ್ಕೆ ಬೆಳಕು ಸುಮಾರು ಕಾಲು ಭಾಗ ಕುಗ್ಗುತ್ತದೆ. ಅದೇ ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ದೀಪ ಉರಿಯುತ್ತಿದೆ ಎಂದು ದೋಣಿಯವನು ನೆಮ್ಮದಿಯಿಂದಿರುತ್ತಾನೆ. ಒಂದು ಮೈಲಿ ಆಚೆಯ ಹಡಗಿನವನಿಗೆ ಅದು ಕಂಡಿರುವುದೇ ಇಲ್ಲ.

ಉಳಿದವು ಸಣ್ಣ ಸಂಗತಿಗಳಾದರೂ ಕಡೆಗಣಿಸುವಂಥವಲ್ಲ. ಪ್ರತಿ ದೀಪದ ಮಾರ್ಗಕ್ಕೂ ಬೇರೆ ಫ್ಯೂಸ್ ಇರಬೇಕು, ಒಂದು ಕೆಟ್ಟರೆ ಎಲ್ಲವೂ ಆರಬಾರದು. ಬ್ಯಾಟರಿಯ ಪಕ್ಕದಲ್ಲೇ ಒಂದು ಮುಖ್ಯ ಫ್ಯೂಸ್ ಇರದಿದ್ದರೆ ಎಲ್ಲೋ ಉಜ್ಜಿ ಹರಿದ ತಂತಿ ದೋಣಿಗೇ ಬೆಂಕಿ ಹಚ್ಚಬಹುದು. ದಿಕ್ಸೂಚಿಯ ಹತ್ತಿರ ಹಾಯುವ ಜೋಡಿ ತಂತಿಗಳನ್ನು ಒಂದಕ್ಕೊಂದು ಹೊಸೆದಿರಬೇಕು. ಇಲ್ಲವಾದರೆ ದೀಪ ಹಾಕಿದಾಗಲೆಲ್ಲ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳುತ್ತದೆ. ಕಂಬದ ಬುಡದಲ್ಲಿ ತಂತಿ ದೋಣಿಯೊಳಕ್ಕೆ ಇಳಿಯುವ ಜಾಗದಲ್ಲಿ ಅದು ಕೆಳಕ್ಕೆ ಜೋತು, ಮತ್ತೆ ಮೇಲೇರಿ ಒಳಹೋಗಬೇಕು. ಮಳೆಯ ನೀರು ತಂತಿಯನ್ನೇ ಹಿಡಿದು ಇಳಿದು ಬಂದರೆ ಆ ಜೋತಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಹಳೆಯ ದೋಣಿಯ ದೀಪ ಹತ್ತದಿದ್ದರೆ ಮೊದಲು ಪರೀಕ್ಷಿಸಬೇಕಾದ ಜಾಗವೂ ಈ ಬುಡದ ಕೀಲೇ.

ಎಲ್‌ಇಡಿ ತಂದ ಬದಲಾವಣೆ

25 ವಾಟಿನ ಬಲ್ಬು 12 ಗಂಟೆಯ ರಾತ್ರಿಯೊಂದಕ್ಕೆ ಸುಮಾರು 25 ಆಂಪಿಯರ್-ಅವರ್ ನುಂಗುತ್ತದೆ. 100 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಂದುವುದರಿಂದ ಎರಡು ರಾತ್ರಿಗೆ ಬ್ಯಾಟರಿ ಮುಗಿಯಿತು. ಈ ಲೆಕ್ಕಕ್ಕೆ ಅಂಜಿ ದೀಪ ಆರಿಸಿ ಸಾಗುವ ದುರಭ್ಯಾಸವೂ ಸಣ್ಣ ದೋಣಿಗಳಲ್ಲಿತ್ತು. ಅಷ್ಟೇ ಬೆಳಕು ಕೊಡುವ ಎಲ್‌ಇಡಿ ದೀಪಕ್ಕೆ ಎರಡು-ಮೂರು ವಾಟ್ ಸಾಕು. ಅದೇ ಬ್ಯಾಟರಿ ಈಗ ಇಪ್ಪತ್ತು ರಾತ್ರಿ ಬರುತ್ತದೆ. ಸಣ್ಣದೊಂದು ಸೌರಫಲಕ ಸೇರಿಸಿದರೆ ಚಿಂತೆಯೇ ಇಲ್ಲ.

ಆದರೆ ಹಳೆಯ ಗೂಡಿನಲ್ಲಿ ಹಳೆಯ ಬಲ್ಬು ತೆಗೆದು ಬಿಳಿ ಎಲ್‌ಇಡಿ ಸಿಕ್ಕಿಸುವುದು ಸರಿಯಾದ ದಾರಿಯಲ್ಲ. ಆ ಗೂಡಿನ ಬಣ್ಣದ ಗಾಜು ಹಳೆಯ ಬಲ್ಬಿನ ಹಳದಿ ಮಿಶ್ರಿತ ಬೆಳಕಿಗೆ ಹೊಂದುವಂತೆ ಮಾಡಿದ್ದು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. ಹಾಗಾಗಿ ಕೆಂಪು ಗಾಜಿನ ಹಿಂದೆ ಅದು ಮಂಕಾಗುತ್ತದೆ, ಹಸಿರು ಗಾಜಿನ ಹಿಂದೆ ನೀಲಿಯ ಕಡೆಗೆ ವಾಲುತ್ತದೆ. ಕೋನಗಳ ಗಡಿಯೂ ಅಳಿಸಿಹೋಗಬಹುದು. ಕಳಪೆ ಎಲ್‌ಇಡಿಗಳಿಂದ ವಿಎಚ್‌ಎಫ್ ರೇಡಿಯೊಗೆ ಅಡ್ಡಿಯಾಗುತ್ತದೆಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ದೀಪವನ್ನು ಗೂಡಿನ ಸಮೇತ, ಪ್ರಮಾಣಪತ್ರ ನೋಡಿ ಕೊಳ್ಳಬೇಕೆಂಬುದು ಇದರಿಂದ ತಿಳಿಯುವ ಪಾಠ.

ಕನ್ನಡ ಕರಾವಳಿಯ ರಾತ್ರಿ

ಕರ್ನಾಟಕದ ಕರಾವಳಿಗೆ ಹಾಯಿ ಹೊಸದಲ್ಲ. ಪತ್ತೆಮಾರಿ, ಮಂಜಿಗಳು ಹೆಂಚು, ಅಕ್ಕಿ, ತೆಂಗಿನಕಾಯಿ ಹೊತ್ತು ಗಾಳಿಯ ಬಲದಿಂದಲೇ ಓಡಾಡಿದ ಕಾಲವಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಕಾಲಕ್ರಮದಲ್ಲಿ ಎಂಜಿನ್ ಬಂತು. ದಡದ ದೀಪಗಳ ವ್ಯವಸ್ಥೆ ಬ್ರಿಟಿಷರ ಕಾಲದಲ್ಲೇ ಆಗಿತ್ತು. ಕಾಪುವಿನ ದೀಪಸ್ತಂಭ 1901ರದು. ಆದರೆ ದೀಪಸ್ತಂಭ ದಡ ಎಲ್ಲಿದೆ ಎಂದು ಹೇಳಬಲ್ಲುದೇ ಹೊರತು ಪಕ್ಕದ ದೋಣಿ ಎಲ್ಲಿದೆ ಎಂದು ಹೇಳಲಾರದು.

ಸ್ವತಂತ್ರ ಭಾರತ 1958ರಲ್ಲಿ ವಾಣಿಜ್ಯ ನೌಕಾ ಕಾಯಿದೆಯನ್ನು ಮಾಡಿ, 1972ರ ಒಪ್ಪಂದದ ನಿಯಮಗಳನ್ನು 1975ರಲ್ಲಿ ತನ್ನದಾಗಿಸಿಕೊಂಡಿತು. ಮೀನು ಹಿಡಿಯುವ ದೋಣಿಗಳಿಗೆ ಅದರಲ್ಲಿ ಬೇರೆ ಗುರುತುಗಳಿವೆ. ಬಲೆ ಎಳೆಯುವ ಟ್ರಾಲರ್ ಆದರೆ ಬಿಳಿಯ ಮೇಲೆ ಹಸಿರು, ಬೇರೆ ಬಗೆಯ ಮೀನುಗಾರಿಕೆಯಾದರೆ ಬಿಳಿಯ ಮೇಲೆ ಕೆಂಪು. ಮೀನನ್ನು ಸೆಳೆಯಲು ಹಾಕುವ ಪ್ರಖರ ದೀಪಗಳು ಈ ಗುರುತುಗಳನ್ನು ನುಂಗಿಹಾಕುತ್ತವೆ. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಮೀನಿನ ಸಂತತಿ ಉಳಿಯಲೆಂದು. ಅದರಿಂದ ರಾತ್ರಿಯ ಸಂಚಾರಕ್ಕೂ ಅನುಕೂಲವಿದೆ.

ಕತ್ತಲ ಕಡಲಿನಲ್ಲಿ ಡಿಕ್ಕಿ ಎಂದರೇನೆಂದು ಈ ಕರಾವಳಿಗೆ ಗೊತ್ತು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಬೇಪೂರಿನ ರಬಾ ಎಂಬ ಮೀನುಗಾರಿಕಾ ದೋಣಿಗೂ ಸಿಂಗಪುರ ಧ್ವಜದ ಸರಕು ಹಡಗೊಂದಕ್ಕೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರು ಮಾತ್ರ. ಕಡಲ ಅಪಘಾತಗಳಿಗೆ ಕಾರಣಗಳು ಹಲವು. ಆದರೆ ದೊಡ್ಡ ಹಡಗು ತಿರುಗಲು, ನಿಲ್ಲಲು ಬೇಕಾದ ದೂರ ಮೈಲಿಗಳ ಲೆಕ್ಕದ್ದು. ಚಿಕ್ಕ ದೋಣಿ ಎಷ್ಟು ಬೇಗ ಅದರ ಕಣ್ಣಿಗೆ ಬಿದ್ದರೆ ಅಷ್ಟು ಒಳ್ಳೆಯದು.

ಈಗ ಹಾಯಿ ಮತ್ತೆ ಸುದ್ದಿಯಲ್ಲಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ಮೊಳೆಯಿಲ್ಲದೆ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡದ ಚಿತ್ರವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಅದು ಮಸ್ಕತ್ತಿಗೆ ಪಯಣಿಸಿತು. ಹಡಗಿನ ವಿನ್ಯಾಸ ಐದನೆಯ ಶತಮಾನದ್ದಾಗಬಹುದು, ಆದರೆ ಇಂದಿನ ಕಡಲಿನಲ್ಲಿ ರಾತ್ರಿ ಸಾಗುವ ಯಾವುದೇ ಹಡಗಿಗೆ ಅನ್ವಯಿಸುವ ದೀಪದ ನಿಯಮ ಒಂದೇ.

ಎಡಬಲವಿಲ್ಲದ ಹರಿಗೋಲು

ಮತ್ತೆ ಕಾವೇರಿಯ ಹರಿಗೋಲಿಗೆ ಬರುವುದಾದರೆ, ಕೆಂಪು-ಹಸಿರಿನ ಈ ಇಡೀ ಶಾಸ್ತ್ರ ಅದಕ್ಕೆ ಹೊಂದುವುದೇ ಇಲ್ಲ. ದುಂಡಗಿನ ಹರಿಗೋಲಿಗೆ ಮುಂದು ಹಿಂದು ಇಲ್ಲ, ಎಡ ಬಲ ಇಲ್ಲ. ಹುಟ್ಟು ಹಾಕಿದಂತೆ ತಿರುಗುತ್ತ ಸಾಗುವ ಅದರ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಕಟ್ಟಿದರೆ ನೋಡುವವನಿಗೆ ಗೊಂದಲವೇ ಹೊರತು ಸೂಚನೆ ಸಿಗದು. 1972ರ ನಿಯಮಾವಳಿ ಇಂಥವುಗಳಿಗೂ ಒಂದು ದಾರಿ ಇಟ್ಟಿದೆ. ಹುಟ್ಟು ಹಾಕಿ ನಡೆಸುವ ದೋಣಿಯಲ್ಲಿ, ಏಳು ಮೀಟರಿಗಿಂತ ಚಿಕ್ಕ ಹಾಯಿದೋಣಿಯಲ್ಲಿ ಬಿಳಿ ಬೆಳಕಿನ ಟಾರ್ಚ್ ಅಥವಾ ಲಾಟೀನು ಕೈಗೆಟಕುವಂತೆ ಇರಬೇಕು, ಡಿಕ್ಕಿ ತಪ್ಪಿಸಲು ಸಾಕಾಗುವಷ್ಟು ಮುಂಚೆಯೇ ಅದನ್ನು ತೋರಿಸಬೇಕು. ಇದು ಕಡಲಿಗೆ ಮಾಡಿದ ನಿಯಮವಾದರೂ ಒಳನಾಡಿನ ನೀರಿಗೂ ಒಪ್ಪುವ ವಿವೇಕ.

2007ರಲ್ಲಿ ರಾಮನಗರ ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ನಾಡಿನಲ್ಲಿ ಮಂಚನಬೆಲೆ, ಕಣ್ವ, ಹಾರೋಬೆಲೆಯಂಥ ಜಲಾಶಯಗಳಿವೆ. ಒಳನಾಡಿನ ನೌಕೆಗಳಿಗಾಗಿ ಇದ್ದ 1917ರ ಕಾಯಿದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯಿದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಜಲಾಶಯಗಳಲ್ಲಿ ಮೋಟಾರು ದೋಣಿಗಳು ಹೆಚ್ಚಿದಂತೆ ಅವುಗಳ ಪಕ್ಕದಲ್ಲೇ ಬಲೆ ಬಿಡುವ ಬೆಸ್ತರ ಹರಿಗೋಲುಗಳೂ ಇರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಯಿಗೂ ಉಗಿಗೂ ನಡುವೆ ಕಡಲಿನಲ್ಲಿ ಹುಟ್ಟಿದ ಸಮಸ್ಯೆಯೇ ಇಲ್ಲಿ ಚಿಕ್ಕ ಪ್ರಮಾಣದಲ್ಲಿ ಹುಟ್ಟಬಹುದು. ವೇಗವಾಗಿ ಬರುವವನಿಗೆ ನಿಧಾನವಾಗಿ ಹೋಗುವವನು ಕಾಣಬೇಕು. ಅದಕ್ಕೆ ಬೇಕಾದದ್ದು ಹರಿಗೋಲಿನ ತಳದಲ್ಲಿ ನೀರು ತಾಗದಂತೆ ಕಟ್ಟಿಟ್ಟ ಒಂದು ಟಾರ್ಚ್, ಮತ್ತು ಸಂಜೆ ಹೊರಡುವ ಮುನ್ನ ಅದು ಹತ್ತುತ್ತದೆಯೇ ಎಂದು ಒತ್ತಿ ನೋಡುವ ಅಭ್ಯಾಸ.